ಹಾರಿಸುವ ಮೊದಲು ನಿಲ್ಲಿಸಲು ಕಲಿಯೋಣ



ಆಕಾಶದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ತರಗತಿಯಲ್ಲಿ ಕುಳಿತವರ ಕಣ್ಣು ತಾನಾಗಿಯೇ ಕಿಟಕಿಯತ್ತ ಹೊರಳುತ್ತದೆ. ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರೂ ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈಯನ್ನು ಅಡ್ಡ ಹಿಡಿದು ಮೇಲೆ ನೋಡುತ್ತಾರೆ. ವಿಮಾನಕ್ಕೆ ಇಲ್ಲದ ಈ ಸೆಳೆತ ಹೆಲಿಕಾಪ್ಟರಿಗೆ ಹೇಗೆ ಬಂತು? ಕಾರಣ ಸರಳವಾದದ್ದು. ವಿಮಾನ ಮುಂದಕ್ಕೆ ಓಡುತ್ತಲೇ ಇರಬೇಕು. ಹೆಲಿಕಾಪ್ಟರ್ ಗಾಳಿಯಲ್ಲಿ ನಿಲ್ಲಬಲ್ಲದು.

ಈ ನಿಲ್ಲುವ ಯಂತ್ರವನ್ನು ಚಿಕ್ಕದಾಗಿ ಮಾಡಿ, ನೆಲದಲ್ಲಿ ನಿಂತುಕೊಂಡೇ ರೇಡಿಯೋ ಅಲೆಗಳ ಮೂಲಕ ಹಾರಿಸುವ ಹವ್ಯಾಸವೊಂದಿದೆ. ಅದನ್ನು ಪ್ರಾರಂಭಿಸುವುದು ಹೇಗೆ ಎಂಬುದೇ ಇಂದಿನ ನಮ್ಮ ವಿಷಯ. 'ಡ್ರೋನ್ ನೋಡಿದ್ದೇವೆ ಸಾರ್, ಅದೇ ತಾನೇ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಲ್ಲ. ಮದುವೆ ಮನೆಯಲ್ಲೋ ಮಿಯ್ಯಾರಿನ ಕಂಬಳದಲ್ಲೋ ನೀವು ನೋಡಿದ ಡ್ರೋನಿಗೆ ನಾಲ್ಕು ಮೋಟಾರುಗಳಿರುತ್ತವೆ, ಜೊತೆಗೆ ಒಂದು ಪುಟ್ಟ ಕಂಪ್ಯೂಟರ್. ಕಡ್ಡಿಯಿಂದ ಬೆರಳು ತೆಗೆದರೆ ಅದು ಇದ್ದಲ್ಲಿಯೇ ನಿಲ್ಲುತ್ತದೆ. ಹೆಲಿಕಾಪ್ಟರಿನಲ್ಲಿ ನಿಲ್ಲಿಸುವ ಕೆಲಸ ನಿಮ್ಮದು. ನಾನು ಇಂದು ಹೇಳಬೇಕಾದ ಮುಖ್ಯ ಮಾತೂ ಇದೇ: ಹಾರಿಸುವ ಮೊದಲು ನಿಲ್ಲಿಸಲು ಕಲಿಯಬೇಕು. ನಿಲ್ಲಿಸುವುದು ಎಂಬ ಮಾತಿಗೆ ಇಲ್ಲಿ ಎರಡು ಅರ್ಥಗಳಿವೆ. ಎರಡನೆಯ ಅರ್ಥವನ್ನು ನಾನು ಕಲಿತದ್ದು ಕಾಪುವಿನ ಕಡಲ ತೀರದಲ್ಲಿ, ತಪ್ಪು ಮಾಡಿ. ಆ ಘಟನೆಯಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಬಹಳ ದಿನ ಹಣ ಕೂಡಿಸಿ ಒಂದು ಹೆಲಿಕಾಪ್ಟರ್ ಕೊಂಡಿದ್ದೆ. ಅದರ ಒಂದೊಂದು ರೆಕ್ಕೆಯೂ ಒಂದಡಿಗಿಂತ ತುಸು ಉದ್ದ. ಡ್ರೋನ್ ಹಾರಿಸಿ ಅಭ್ಯಾಸವಿದ್ದ ಧೈರ್ಯ ನನ್ನದು. ಒಂದು ಭಾನುವಾರ ಸಂಜೆ ಅದನ್ನು ಹೊತ್ತುಕೊಂಡು ಸೀದಾ ಕಾಪುವಿಗೆ ಹೋದೆ. ದೀಪಸ್ತಂಭದ ಕಡೆ ಜನವಿತ್ತು. ತೀರದಲ್ಲಿ ಅಲ್ಲಿಂದ ಸಾಕಷ್ಟು ದೂರ ನಡೆದು, ಇಲ್ಲಿ ಯಾರೂ ಇಲ್ಲ ಎಂದು ಸಮಾಧಾನ ಮಾಡಿಕೊಂಡು ಹಾರಿಸಿದೆ. ರೆಕ್ಕೆಗಳ ಸದ್ದು ಕೇಳಿದೊಡನೆ ಹತ್ತಿರದ ಮನೆಗಳಿಂದ ಮಕ್ಕಳು ಓಡಿ ಬಂದರು. ಅಷ್ಟರಲ್ಲಿ ಕಡಲ ಗಾಳಿ ಹೆಲಿಕಾಪ್ಟರಿನ ಬಾಲವನ್ನು ತಿರುಗಿಸಿಬಿಟ್ಟಿತು. ಅದರ ಮೂತಿ ನನ್ನ ಕಡೆಗೆ ಬಂತು. ಆಗ ಎಡ ಬಲ ಅದಲುಬದಲಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. ಎಡಕ್ಕೆ ಹೋಗಲಿ ಎಂದು ಕಡ್ಡಿ ಒತ್ತಿದೆ, ಅದು ಬಲಕ್ಕೆ ಹೋಯಿತು. ಬಲಕ್ಕೆ ಹತ್ತು ವರ್ಷದ ಒಬ್ಬ ಹುಡುಗ ನಿಂತಿದ್ದ.

ಯೋಚಿಸಲು ಸಮಯವಿರಲಿಲ್ಲ. ಮೋಟಾರನ್ನು ಒಮ್ಮೆಲೇ ನಿಲ್ಲಿಸುವ ಸ್ವಿಚ್ಚನ್ನು ಎಳೆದೆ. ಹುಡುಗನಿಂದ ಮೂರು ನಾಲ್ಕು ಮಾರು ದೂರದಲ್ಲಿ ಹೆಲಿಕಾಪ್ಟರ್ ಮರಳಿಗೆ ಬಿದ್ದು ಚೂರಾಯಿತು. ಒಂದು ರೆಕ್ಕೆಯ ತುಂಡು ಅಲ್ಲಿ ಕವುಚಿ ಹಾಕಿದ್ದ ದೋಣಿಯ ಪಕ್ಕಕ್ಕೆ ಬಡಿದು ಬಿತ್ತು. ಹುಡುಗ ನಗುತ್ತಲೇ ಇದ್ದ, ಅವನಿಗೆ ಅದೊಂದು ತಮಾಷೆ. ಬಲೆ ಸರಿಪಡಿಸುತ್ತಿದ್ದ ಒಬ್ಬ ಅಜ್ಜಿ ಮಾತ್ರ ಎದ್ದು ಬಂದರು. ತುಳುವಿನಲ್ಲಿ ಅವರು ಹೇಳಿದ್ದರ ಅರ್ಥ ಇಷ್ಟು: 'ನಿನ್ನ ಸಾಮಾನು ಹೋದರೆ ಇನ್ನೊಂದು ತರಬಹುದು ಮಗಾ, ಮಗುವಿನ ಕಣ್ಣು ಹೋದರೆ ಎಲ್ಲಿಂದ ತರುತ್ತೀ?'

ಅವರ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಬೇಕಾದರೆ ಒಂದು ಲೆಕ್ಕ ಮಾಡಿ ನೋಡಿ. ಆ ಹೆಲಿಕಾಪ್ಟರಿನಲ್ಲಿ ನಡುವಿನಿಂದ ರೆಕ್ಕೆಯ ತುದಿಗೆ ಸುಮಾರು 36 ಸೆಂಟಿಮೀಟರ್. ತುದಿ ಒಂದು ಸುತ್ತು ಬಂದರೆ ಸುಮಾರು 2.26 ಮೀಟರ್ ದೂರವಾಯಿತು. ರೆಕ್ಕೆ ನಿಮಿಷಕ್ಕೆ 2,700 ಸುತ್ತು, ಅಂದರೆ ಸೆಕೆಂಡಿಗೆ 45 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಗುಣಿಸಿದರೆ ಸೆಕೆಂಡಿಗೆ 100 ಮೀಟರಿಗೂ ಹೆಚ್ಚು, ಗಂಟೆಗೆ ಸುಮಾರು 366 ಕಿಲೋಮೀಟರ್! ಅಂಗಡಿಯವರು ಇದನ್ನು ಆಟದ ಸಾಮಾನುಗಳ ಸಾಲಿನಲ್ಲಿ ಇಟ್ಟಿದ್ದರೂ ಇದು ಆಟದ ಸಾಮಾನಲ್ಲ. ಈ ಒಂದು ಲೆಕ್ಕ ನಿಮ್ಮ ನೆನಪಿನಲ್ಲಿ ಉಳಿದರೆ, ನಾನು ಮುಂದೆ ಹೇಳುವ ಎಲ್ಲ ನಿಯಮಗಳ ಕಾರಣ ತಾನಾಗಿ ತಿಳಿಯುತ್ತದೆ.

ಈಗ ಯಂತ್ರದ ಒಳಗುಟ್ಟನ್ನು ನೋಡೋಣ. ನಿಮ್ಮ ಮನೆಯ ಸೀಲಿಂಗ್ ಫ್ಯಾನನ್ನು ಗಮನಿಸಿ. ಅದರ ರೆಕ್ಕೆಗಳು ಸ್ವಲ್ಪ ಓರೆಯಾಗಿವೆ. ಆದ್ದರಿಂದಲೇ ಅದು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿಯನ್ನು ಕೆಳಕ್ಕೆ ತಳ್ಳುವ ವಸ್ತುವನ್ನು ಗಾಳಿ ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಫ್ಯಾನು ಹಗುರವಾಗಿ, ಅದರ ಮೋಟಾರು ಇನ್ನಷ್ಟು ಬಲಶಾಲಿಯಾಗಿದ್ದಿದ್ದರೆ ಅದೂ ಮೇಲೇರುತ್ತಿತ್ತು. ಇನ್ನೊಂದು ವಿಷಯ. ಫ್ಯಾನನ್ನು ಮಾಡಿಗೆ ಕೊಕ್ಕೆ ಹಾಕಿ ಬಿಗಿದಿದ್ದಾರೆ. ಹಾಗೆ ಬಿಗಿಯದಿದ್ದರೆ ರೆಕ್ಕೆ ಒಂದು ದಿಕ್ಕಿಗೆ ತಿರುಗುವಾಗ ಮೋಟಾರಿನ ಡಬ್ಬ ಎದುರು ದಿಕ್ಕಿಗೆ ತಿರುಗುತ್ತಿತ್ತು. ಹೆಲಿಕಾಪ್ಟರಿಗೆ ಕೊಕ್ಕೆ ಹಾಕಲು ಆಕಾಶದಲ್ಲಿ ಮಾಡು ಎಲ್ಲಿದೆ? ಅದಕ್ಕಾಗಿಯೇ ಬಾಲದ ತುದಿಯಲ್ಲಿ ಒಂದು ಚಿಕ್ಕ ರೋಟರ್ ಇಟ್ಟಿದ್ದಾರೆ. ಅದು ಬಾಲವನ್ನು ಪಕ್ಕಕ್ಕೆ ತಳ್ಳಿ, ಇಡೀ ಶರೀರ ಬುಗುರಿಯಂತೆ ತಿರುಗದ ಹಾಗೆ ತಡೆಯುತ್ತದೆ. ಗಾಳಿ ಬದಲಾದಂತೆಲ್ಲ ಬಾಲವನ್ನು ತಿದ್ದುವುದು ಮನುಷ್ಯನ ಬೆರಳಿಗೆ ಕಷ್ಟ. ಆದ್ದರಿಂದ ಆ ಕೆಲಸವನ್ನು ಗೈರೋ ಎಂಬ ಉಪಕರಣಕ್ಕೆ ವಹಿಸಿದ್ದಾರೆ.

ಮೇಲಿನ ದೊಡ್ಡ ರೆಕ್ಕೆಗಳಿಗೆ ಎರಡು ಬಗೆಯ ಕೆಲಸಗಳಿವೆ. ಎರಡೂ ರೆಕ್ಕೆಗಳ ಓರೆಯನ್ನು ಒಟ್ಟಿಗೆ ಹೆಚ್ಚಿಸಿದರೆ ಹೆಲಿಕಾಪ್ಟರ್ ಏರುತ್ತದೆ, ಒಟ್ಟಿಗೆ ತಗ್ಗಿಸಿದರೆ ಇಳಿಯುತ್ತದೆ. ಇದಕ್ಕೆ ಕಲೆಕ್ಟಿವ್ ಎಂದು ಹೆಸರು. ರೆಕ್ಕೆ ಸುತ್ತುವಾಗ ಒಂದು ಪಕ್ಕದಲ್ಲಿ ಓರೆ ಹೆಚ್ಚಾಗಿ ಇನ್ನೊಂದು ಪಕ್ಕದಲ್ಲಿ ಕಡಿಮೆಯಾಗುವಂತೆ ಮಾಡಿದರೆ ಇಡೀ ಹೆಲಿಕಾಪ್ಟರ್ ವಾಲಿಕೊಂಡು ಆ ಕಡೆಗೆ ಸಾಗುತ್ತದೆ. ಇದು ಸೈಕ್ಲಿಕ್. ಈ ಎರಡನ್ನೂ ಸಾಧಿಸುವುದು ಸ್ವಾಶ್‌ಪ್ಲೇಟ್ ಎಂಬ ಒಂದರ ಮೇಲೊಂದು ಕೂತ ಎರಡು ತಟ್ಟೆಗಳು. ಕೆಳಗಿನ ತಟ್ಟೆ ತಿರುಗುವುದಿಲ್ಲ. ಪುಟ್ಟ ಸರ್ವೋ ಮೋಟಾರುಗಳು ಅದನ್ನು ಏರಿಸುತ್ತವೆ, ಇಳಿಸುತ್ತವೆ, ವಾಲಿಸುತ್ತವೆ. ಮೇಲಿನ ತಟ್ಟೆ ರೆಕ್ಕೆಗಳೊಡನೆ ತಿರುಗುತ್ತ ಆ ಚಲನೆಯನ್ನು ಅವುಗಳಿಗೆ ಮುಟ್ಟಿಸುತ್ತದೆ. ನಿಜವಾದ ಹೆಲಿಕಾಪ್ಟರಿನಲ್ಲಿಯೂ ಇದೇ ಏರ್ಪಾಡು ಇರುತ್ತದೆ. ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ತಯಾರಿಸಿದ, 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ನಮ್ಮ 'ಧ್ರುವ' ಏರುವುದೂ ತಿರುಗುವುದೂ ಇದೇ ತತ್ವದಿಂದ.

ನಿಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರಿನಲ್ಲಿ ಎರಡು ಕಡ್ಡಿಗಳಿರುತ್ತವೆ. ಹೆಚ್ಚು ಬಳಕೆಯಲ್ಲಿರುವ ಎರಡನೆಯ ಕ್ರಮದಲ್ಲಿ, ಎಡಗೈಯ ಕಡ್ಡಿಯನ್ನು ಮೇಲೆ ಕೆಳಗೆ ಮಾಡಿದರೆ ಏರಿಳಿತ, ಅಕ್ಕಪಕ್ಕ ಮಾಡಿದರೆ ಬಾಲದ ತಿರುವು. ಬಲಗೈಯ ಕಡ್ಡಿ ಹೆಲಿಕಾಪ್ಟರನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ವಾಲಿಸುತ್ತದೆ. ಒಟ್ಟು ನಾಲ್ಕು ಚಲನೆಗಳು. ಒಂದನ್ನು ಬದಲಿಸಿದರೆ ಉಳಿದ ಮೂರೂ ಸ್ವಲ್ಪ ಕದಲುತ್ತವೆ. ಅಂಗೈಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೋಲು ನಿಂತಂತೆ ಕಂಡರೂ ನಿಮ್ಮ ಕೈ ಒಂದು ಕ್ಷಣವೂ ನಿಂತಿರುವುದಿಲ್ಲ. ಗಾಳಿಯಲ್ಲಿ ನಿಂತ ಹೆಲಿಕಾಪ್ಟರ್ ಅಂಥದೇ ಒಂದು ಕೋಲು. ಈ ನಿಲ್ಲುವಿಕೆಗೆ ಹೋವರ್ ಎನ್ನುತ್ತಾರೆ. ವೇಗವಾಗಿ ಹಾರುವುದು, ಪಲ್ಟಿ ಹೊಡೆಸುವುದು ಇವೆಲ್ಲ ಆಮೇಲಿನವು. ಹೋವರ್ ಬಾರದವನಿಗೆ ಹೆಲಿಕಾಪ್ಟರನ್ನು ಕ್ಷೇಮವಾಗಿ ಇಳಿಸುವುದೂ ಬಾರದು.

ದೊಡ್ಡವರೂ ಇಲ್ಲಿಂದಲೇ ಆರಂಭಿಸಿದ್ದಾರೆ. ಕೀವ್ ನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಗೋರ್ ಸಿಕೋರ್ಸ್ಕಿ ತಮ್ಮ ವಿ.ಎಸ್.-300 ಹೆಲಿಕಾಪ್ಟರನ್ನು ಮೊದಲು ನೆಲದಿಂದ ಎತ್ತಿದ್ದು 1939ರ ಸೆಪ್ಟೆಂಬರ್ 14ರಂದು. ಅಂದು ಅದನ್ನು ಹಗ್ಗಗಳಿಂದ ಕಟ್ಟಿ ಹಾಕಿದ್ದರು! ಕಟ್ಟು ಬಿಚ್ಚಿ ಸ್ವತಂತ್ರವಾಗಿ ಹಾರಿಸಿದ್ದು 1940ರ ಮೇ 13ರಂದು, ಎಂಟು ತಿಂಗಳ ನಂತರ. ಯಂತ್ರವನ್ನು ತಾವೇ ರೂಪಿಸಿದವರಿಗೆ ಎಂಟು ತಿಂಗಳ ತಾಳ್ಮೆ ಬೇಕಾಯಿತು. ನಾನು ಎಂಟು ದಿನವೂ ಕಾಯಲಿಲ್ಲ. ಚಿಕ್ಕ ಮಾದರಿಗಳ ಕಥೆಯೂ ಇಂಥದೇ. ರೇಡಿಯೋ ನಿಯಂತ್ರಿತ ವಿಮಾನಗಳು ಬಂದು ಎಷ್ಟೋ ವರ್ಷಗಳಾದ ಮೇಲೆ, 1970ರ ಸುಮಾರಿಗೆ, ಜರ್ಮನಿಯ ಡೀಟರ್ ಶ್ಲೂಟರ್ ಅವರು ಹಿಡಿತಕ್ಕೆ ಸಿಗುವ ಮಾದರಿ ಹೆಲಿಕಾಪ್ಟರನ್ನು ಸಾಧಿಸಿದರು. ನಿಲ್ಲಿಸುವುದು ಅಷ್ಟು ಕಷ್ಟ.

ಹಾಗಾದರೆ ಯಾವ ಹೆಲಿಕಾಪ್ಟರ್ ಕೊಳ್ಳಬೇಕು? ಮೂರು ಬಗೆಗಳನ್ನು ತಿಳಿದಿರಿ. ಒಂದೇ ಕಂಬದಲ್ಲಿ ಎರಡು ರೋಟರುಗಳು ವಿರುದ್ಧ ದಿಕ್ಕಿಗೆ ತಿರುಗುವುದು ಮೊದಲನೆಯ ಬಗೆ. ಇದು ಬಹಳ ಸಾಧು. ಮನೆಯೊಳಗಿನ ಹಜಾರದಲ್ಲಿ ಹಾರಿಸಬಹುದು. ಆದರೆ ಹೊರಗಿನ ಗಾಳಿಯನ್ನು ತಡೆಯದು. ಎರಡನೆಯದರಲ್ಲಿ ರೆಕ್ಕೆಯ ಓರೆ ಬದಲಾಗುವುದಿಲ್ಲ. ವೇಗ ಹೆಚ್ಚು ಕಡಿಮೆ ಮಾಡಿ ಏರಿಳಿಸಬೇಕು. ಮೂರನೆಯದು ನಾನು ಈಗ ವಿವರಿಸಿದ ಕಲೆಕ್ಟಿವ್ ಬಗೆ. ಕೊನೆಗೆ ನೀವು ತಲುಪಬೇಕಾದದ್ದು ಇದನ್ನೇ. ಪ್ರಾರಂಭಕ್ಕೆ ಮಾತ್ರ ಅಂಗೈಯಗಲದ, ಹಗುರವಾದ, ತಾನೇ ಸಮತೋಲಕ್ಕೆ ಬರುವ ಸೌಲಭ್ಯವಿರುವ ಚಿಕ್ಕದು ಸಾಕು. ಬಿದ್ದರೂ ಪೆಟ್ಟು ಕಡಿಮೆ, ಖರ್ಚೂ ಕಡಿಮೆ. ಕೊಳ್ಳುವಾಗ ಒಂದು ಪ್ರಶ್ನೆ ಮರೆಯದೆ ಕೇಳಿ: 'ಇದರ ರೆಕ್ಕೆ, ಹಲ್ಲುಚಕ್ರ, ಕಂಬ ಬಿಡಿಯಾಗಿ ಸಿಗುತ್ತವೆಯೇ?' ಸಿಗದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ಏಕೆಂದರೆ ಬೀಳುವುದು ಖಂಡಿತ.

ಆದರೆ ಹೆಲಿಕಾಪ್ಟರ್ ಮೊದಲ ಖರೀದಿಯಲ್ಲ. ಮೊದಲ ಖರೀದಿ ಒಂದು ಒಳ್ಳೆಯ ಟ್ರಾನ್ಸ್‌ಮಿಟರ್. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಸಿಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಪರದೆಯ ಮೇಲಿನ ಹೆಲಿಕಾಪ್ಟರನ್ನು ಹಾರಿಸಬಹುದು. ಅಲ್ಲಿ ನೂರು ಸಲ ಬಿದ್ದರೂ ನೂರೊಂದನೆಯ ಸಲ ಒಂದು ಗುಂಡಿ ಒತ್ತಿದರೆ ಹೊಸ ಹೆಲಿಕಾಪ್ಟರ್ ಸಿದ್ಧ. ಯಾವ ಮಗುವಿನ ಕಣ್ಣಿಗೂ ಅಪಾಯವಿಲ್ಲ.

ಇಲ್ಲಿ ನಮ್ಮ ಕರಾವಳಿಯ ಋತುಮಾನ ನಿಮ್ಮ ಸಹಾಯಕ್ಕೆ ಬರುತ್ತದೆ. ಜೂನ್‌ನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೆ ಪ್ರಾರಂಭವಾಗುತ್ತವೆ. ಸೆಪ್ಟೆಂಬರಿನವರೆಗೆ ಹೊರಗೆ ಹಾರಿಸುವ ಮಾತೇ ಇಲ್ಲ. ಈ ನಾಲ್ಕು ತಿಂಗಳು ಸಿಮ್ಯುಲೇಟರಿನ ಕಾಲವಾಗಲಿ. ದಿನಕ್ಕೆ 20 ನಿಮಿಷ ಸಾಕು. ಒಂದೇ ದಿನ ಮೂರು ಗಂಟೆ ಕೂರುವುದಕ್ಕಿಂತ ದಿನವೂ 20 ನಿಮಿಷ ಮಾಡಿದರೆ ಬೆರಳಿಗೆ ಅಭ್ಯಾಸ ಚೆನ್ನಾಗಿ ಹತ್ತುತ್ತದೆ. ಮೊದಲು ಬಾಲ ನಿಮ್ಮ ಕಡೆಗಿರುವ ಹೋವರ್, ನಂತರ ಎಡ ಪಕ್ಕ, ಬಲ ಪಕ್ಕ, ಕೊನೆಗೆ ಮೂತಿ ನಿಮ್ಮ ಕಡೆಗೆ. ನನ್ನನ್ನು ಸೋಲಿಸಿದ್ದು ಈ ಕೊನೆಯದೇ. ಮಳೆಗಾಲದಲ್ಲಿ ಇನ್ನೊಂದು ಕೆಲಸವೂ ಉಂಟು. ನಮ್ಮ ಹವೆಯ ತೇವಕ್ಕೆ ಬೇರಿಂಗು, ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ಮೊದಲೇ ಹೆಲಿಕಾಪ್ಟರ್ ಇದ್ದವರು ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ. ಬಿಚ್ಚಿ ಜೋಡಿಸಿದವನಿಗೆ ಯಂತ್ರದ ಯಾವ ಸದ್ದು ಸರಿ, ಯಾವುದು ಸರಿಯಲ್ಲ ಎಂದು ತಿಳಿಯುತ್ತದೆ.

ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ, ಎರಡನೆಯ ಬೆಳೆ ಹಾಕದ ಗದ್ದೆಗಳು ಖಾಲಿಯಾಗುತ್ತವೆ. ಕಾಪುವಿನಲ್ಲಿ ಬುದ್ಧಿ ಕಲಿತ ನಾನು ಮತ್ತೆ ಮೊದಲಿನಿಂದ ಪ್ರಾರಂಭಿಸಿದ್ದು ಕಾರ್ಕಳದ ಕಡೆ, ಬಂಧುಗಳ ಒಂದು ಗದ್ದೆಯಲ್ಲಿ. ಸಮಯ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ. ಕಾರಣ ಕೇಳಿ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಕಾಪು, ಮಲ್ಪೆಗಳಲ್ಲಿ ಇದು ಜೋರು. ಕಾರ್ಕಳದಂಥ ಒಳನಾಡಿನಲ್ಲಿ ಸ್ವಲ್ಪ ನಿಧಾನ. ಬೆಳಗಿನ ಗಾಳಿ ಮಾತ್ರ ಎಲ್ಲೆಡೆಯೂ ಶಾಂತ. ಕಡಲ ತೀರದಲ್ಲಿ ಗಾಳಿಯ ಜೊತೆಗೆ ಉಪ್ಪು, ಮರಳೂ ಇರುತ್ತವೆ. ಅವು ಬೇರಿಂಗಿಗೆ ಹೋದರೆ ಯಂತ್ರದ ಆಯುಷ್ಯ ಮುಗಿದಂತೆ. ಮಣಿಪಾಲದ ಎಂಡ್ ಪಾಯಿಂಟ್ ಕಡೆಯೂ ಕಣ್ಣು ಹಾಕಬೇಡಿ. ಅಲ್ಲಿ ಬೆಳಗ್ಗೆ ನಡೆಯಲು ಬರುವವರಿದ್ದಾರೆ, ಗುಡ್ಡದ ಅಂಚಿನಲ್ಲಿ ಗಾಳಿ ಸುಳಿಯುತ್ತದೆ. ಎಲ್ಲೂರು, ನಂದಿಕೂರಿನ ಕಡೆಯವರು ಹೈಟೆನ್ಷನ್ ತಂತಿಗಳಿಂದ ಬಹಳ ದೂರ ಇರಬೇಕು. ಗದ್ದೆ ಸಿಗದ ಪೇಟೆಯ ಮಕ್ಕಳು ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಬ್ಬ ಹಿರಿಯರ ಜೊತೆಯಲ್ಲಿ, ಭಾನುವಾರ ಬೆಳಗ್ಗೆ ಶಾಲೆಯ ಮೈದಾನವನ್ನು ಉಪಯೋಗಿಸಬಹುದು.

ಕೊಯ್ದ ಗದ್ದೆಯಲ್ಲಿ ಒಂದು ತೊಡಕುಂಟು. ಪೈರಿನ ಕೂಳೆಗೆ ಹೆಲಿಕಾಪ್ಟರಿನ ಕಾಲು ಸಿಕ್ಕಿಕೊಂಡರೆ ಅದು ಏಳುವಾಗಲೇ ಮಗುಚುತ್ತದೆ. ಆದ್ದರಿಂದ ಒಂದು ಪ್ಲೈವುಡ್ ಹಲಗೆಯನ್ನೋ ರಬ್ಬರ್ ಚಾಪೆಯನ್ನೋ ಹಾಸಿಕೊಳ್ಳಿ. ಕಾಲುಗಳಿಗೆ ಬಿದಿರಿನ ಎರಡು ತೆಳು ಸಲಿಕೆಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡ ಕಟ್ಟಿ, ನಾಲ್ಕು ತುದಿಗೂ ಒಂದೊಂದು ಹಗುರವಾದ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿ. ಸೈಕಲ್ ಕಲಿಯುವ ಮಗುವಿಗೆ ಪಕ್ಕದ ಎರಡು ಗಾಲಿ ಹೇಗೋ ಹಾಗೆ ಇದು. ಅಂಗಡಿಯಲ್ಲೂ ಸಿಗುತ್ತದೆ, ಮನೆಯಲ್ಲಿ ಮಾಡಿದ್ದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಲಿಕಾಪ್ಟರಿನ ಬಾಲ ನಿಮ್ಮ ಕಡೆಗೆ ಇರಲಿ. ನೀವು ಕನಿಷ್ಠ 8 ರಿಂದ 10 ಮೀಟರ್ ಹಿಂದೆ ನಿಲ್ಲಿ. ಮೊದಲ ದಿನ ಮೇಲೆತ್ತಲೇಬೇಡಿ. ರೆಕ್ಕೆ ಪೂರ್ಣ ವೇಗ ಪಡೆದು ಯಂತ್ರ ಹಗುರಾಗುವವರೆಗೆ ಮಾತ್ರ ಕಡ್ಡಿ ಏರಿಸಿ, ಅದು ಯಾವ ಕಡೆಗೆ ಜಾರುತ್ತದೆ ನೋಡಿ, ತಿದ್ದಿ, ಇಳಿಸಿ. ಎರಡನೆಯ ಹಂತದಲ್ಲಿ ಒಂದು ಗೇಣು ಎತ್ತಿ ಇಳಿಸಿ. ನೆಲಕ್ಕೆ ಬಹಳ ಹತ್ತಿರವಿರುವಾಗ ರೆಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುತ್ತುವುದರಿಂದ ಹೆಲಿಕಾಪ್ಟರ್ ತೂಗಾಡುತ್ತದೆ. ಹೆದರಬೇಡಿ. ಕೈ ಪಳಗಿದ ಮೇಲೆ ನಿಮ್ಮ ಕಣ್ಣಿನ ಮಟ್ಟಕ್ಕೆ ಎತ್ತಿದರೆ ಅದು ಹೆಚ್ಚು ಸ್ಥಿರವಾಗಿ ನಿಲ್ಲುವುದನ್ನು ಕಾಣುವಿರಿ. ನೆಲದ ಮೇಲೆ 2 ಮೀಟರಿನ ಒಂದು ಚೌಕ ಗುರುತಿಸಿ. ಒಂದು ಬ್ಯಾಟರಿ ಮುಗಿಯುವವರೆಗೆ ಹೆಲಿಕಾಪ್ಟರ್ ಆ ಚೌಕದ ಮೇಲೆಯೇ ನಿಂತರೆ ನೀವು ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದಿರಿ. ನನಗೆ ಈ ಪರೀಕ್ಷೆ ದಾಟಲು ಒಂದಿಡೀ ಬೇಸಗೆ ಬೇಕಾಯಿತು. ಕಾರ್ಕಳದ ಗೊಮ್ಮಟನ ಎತ್ತರ 42 ಅಡಿ. ಮೊದಲ ವರ್ಷ ಅದರ ಅರ್ಧದಷ್ಟು ಎತ್ತರಕ್ಕೂ ನೀವು ಏರಬೇಕಾಗಿಲ್ಲ.

ಇನ್ನು ಕೆಲವು ನಿಯಮಗಳು. ಇವುಗಳನ್ನು ಒಂದು ರಟ್ಟಿನ ಮೇಲೆ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಳ್ಳಿ. ಟ್ರಾನ್ಸ್‌ಮಿಟರನ್ನು ಮೊದಲು ಆನ್ ಮಾಡಿ, ಹೆಲಿಕಾಪ್ಟರಿನ ಬ್ಯಾಟರಿಯನ್ನು ನಂತರ ಜೋಡಿಸಿ. ಮುಗಿಸುವಾಗ ಬ್ಯಾಟರಿ ಮೊದಲು ಬಿಚ್ಚಿ, ಟ್ರಾನ್ಸ್‌ಮಿಟರನ್ನು ಕೊನೆಗೆ ಆಫ್ ಮಾಡಿ. ಬ್ಯಾಟರಿ ಜೋಡಿಸುವ ಮುನ್ನ ಮೋಟಾರ್ ನಿಲ್ಲಿಸುವ ಸ್ವಿಚ್ 'ನಿಲ್ಲು' ಎಂಬ ಸ್ಥಾನದಲ್ಲಿರಲಿ. ಪ್ರತಿ ಹಾರಾಟಕ್ಕೆ ಮೊದಲು ರೆಕ್ಕೆಯ ಬೋಲ್ಟು, ಸರ್ವೋ ಕೊಂಡಿಗಳು, ಬ್ಯಾಟರಿಯ ಪಟ್ಟಿ, ಬಾಲದ ರೋಟರ್ ಇವುಗಳನ್ನು ಕೈಯಿಂದ ಮುಟ್ಟಿ ನೋಡಿ. ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಂಟು ಹಾಕಿ ಬಳಸಬೇಡಿ, ಎಸೆದುಬಿಡಿ. ನೋಡಲು ಬಂದವರು ನಿಮ್ಮ ಬೆನ್ನ ಹಿಂದೆ ಇರಬೇಕು. ಅವರನ್ನು ಗಮನಿಸಲು ಒಬ್ಬ ಗೆಳೆಯ ಇರಲಿ. ಯಾರಾದರೂ ಮುಂದೆ ಬಂದರೆ ಅವನು 'ಇಳಿಸು' ಎನ್ನಬೇಕು, ನೀವು ಇಳಿಸಬೇಕು. ಅಲ್ಲಿ ವಾದವಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ, ನಾನು ಆಗ ಹೇಳಿದ ಎರಡನೆಯ ಅರ್ಥದ 'ನಿಲ್ಲಿಸುವುದು'. ಹೆಲಿಕಾಪ್ಟರ್ ಕೈಮೀರಿತು ಎನಿಸಿದ ಕ್ಷಣದಲ್ಲಿ ಅದನ್ನು ಉಳಿಸಲು ಹೋಗಬೇಡಿ. ಮೋಟಾರ್ ನಿಲ್ಲಿಸಿ, ಬೀಳಲು ಬಿಡಿ. ಸ್ವಂತ ಹಣದಿಂದ ಕೊಂಡ, ಸ್ವಂತ ಕೈಯಿಂದ ಜೋಡಿಸಿದ ಯಂತ್ರವನ್ನು ಬೇಕೆಂದೇ ಬೀಳಿಸಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದಲೇ ಇದನ್ನೂ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಬೇಕು. ಗೆಳೆಯ 'ನಿಲ್ಲಿಸು' ಎಂದೊಡನೆ ಬೆರಳು ತಾನಾಗಿ ಆ ಸ್ವಿಚ್ಚಿಗೆ ಹೋಗಬೇಕು.

ಬ್ಯಾಟರಿಯ ವಿಷಯದಲ್ಲೂ ಎಚ್ಚರ ಅಗತ್ಯ. ಇಂದು ಬಳಸುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದೊಂದು ಕೋಶಕ್ಕೆ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್. ಅದಕ್ಕಿಂತ ಹೆಚ್ಚು ತುಂಬಿದರೆ, ಚುಚ್ಚಿದರೆ, ಜಜ್ಜಿದರೆ ಬೆಂಕಿ ಹತ್ತಬಹುದು. 2,200 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಗೆ 2.2 ಆಂಪಿಯರಿನಲ್ಲಿ ಚಾರ್ಜ್ ಕೊಟ್ಟರೆ ಸುಮಾರು ಒಂದು ಗಂಟೆ ಬೇಕು. ಅವಸರ ಮಾಡಬೇಡಿ. ಈ ಬಗೆಯ ಬ್ಯಾಟರಿಗೆಂದೇ ಮಾಡಿದ ಚಾರ್ಜರನ್ನೇ ಬಳಸಿ. ಹಾಸಿಗೆ, ಮೇಜುಗಳ ಮೇಲೆ ಬೇಡ. ಕಲ್ಲಿನ ಅಥವಾ ಹಂಚಿನ ನೆಲದ ಮೇಲೆ, ಮಣ್ಣಿನ ಮಡಕೆಯೊಳಗೆ ಇಟ್ಟು ಚಾರ್ಜ್ ಮಾಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ. ಚಾರ್ಜಿಗೆ ಹಾಕಿ ಮನೆಯಿಂದ ಹೊರಗೆ ಹೋಗಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ.

ಕಾನೂನನ್ನೂ ತಿಳಿದಿರಬೇಕು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ರೇಡಿಯೋ ನಿಯಂತ್ರಿತ ಹೆಲಿಕಾಪ್ಟರುಗಳಿಗೂ ಅನ್ವಯವಾಗುತ್ತವೆ. ಅವುಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ. ನ್ಯಾನೋ ಹಾರಿಸಲು, ಹಾಗೆಯೇ ಸಂಪಾದನೆಯ ಉದ್ದೇಶವಿಲ್ಲದೆ ಮೈಕ್ರೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8 ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 200 ಅಡಿಗೆ ಇಳಿಯುತ್ತದೆ. ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಜ್ಪೆಯ ವಿಮಾನ ನಿಲ್ದಾಣ ನಮಗೆ ದೂರವೇ. ಆದರೂ ಆದಿ ಉಡುಪಿಯ ಹೆಲಿಪ್ಯಾಡಿಗೆ ಗಣ್ಯರು ಬಂದಿಳಿಯುವ ದಿನಗಳಲ್ಲಿ, ಪರ್ಯಾಯದಂಥ ಉತ್ಸವಗಳಲ್ಲಿ ಹೆಲಿಕಾಪ್ಟರ್ ಪೆಟ್ಟಿಗೆಯೊಳಗೇ ಇರಲಿ. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಲಾಯಿತು. ಆದ್ದರಿಂದ ಹೊರದೇಶದಿಂದ ತರಿಸುವ ಮೊದಲು ವಿಚಾರಿಸಿ. ನಿಯಮಗಳು ಆಗಾಗ ಬದಲಾಗುತ್ತವೆ. ನೋಂದಣಿಯ ಕ್ರಮವನ್ನೂ ವಲಯಗಳ ನಕ್ಷೆಯನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಓದಿಕೊಂಡೇ ಖರೀದಿಗೆ ಹೊರಡಿ. ನಿಮ್ಮ ಹೆತ್ತವರಿಗೂ ಓದಿ ಹೇಳಿ.

'ಇಷ್ಟೆಲ್ಲ ಖರ್ಚು ನಮ್ಮಿಂದಾದೀತೇ?' ಎಂಬ ಪ್ರಶ್ನೆ ಸಹಜ. ನಾಲ್ಕು ಜನ ಗೆಳೆಯರು ಸೇರಿ ಒಂದು ಟ್ರಾನ್ಸ್‌ಮಿಟರ್, ಒಂದು ಚಿಕ್ಕ ಹೆಲಿಕಾಪ್ಟರ್ ಕೊಳ್ಳಿ. ಒಂದು ಬ್ಯಾಟರಿಯಲ್ಲಿ ಹಾರಾಟ ಕೆಲವೇ ನಿಮಿಷ. ಒಬ್ಬ ಹಾರಿಸುವಾಗ ಒಬ್ಬ ಜನರನ್ನು ಗಮನಿಸಲಿ, ಒಬ್ಬ ಸಮಯ ನೋಡಲಿ, ಇನ್ನೊಬ್ಬ ಪುಸ್ತಕದಲ್ಲಿ ಬರೆಯಲಿ. ಎಷ್ಟು ಹೊತ್ತು ನಿಂತಿತು, ಯಾವಾಗ ಬಿತ್ತು, ಏಕೆ ಬಿತ್ತು ಎಂಬ ಆ ಪುಸ್ತಕವೇ ನಿಮ್ಮ ಗುರು. ಗೊತ್ತಿದ್ದ ಹಿರಿಯರು ಸಿಕ್ಕರೆ ಇನ್ನೂ ಒಳ್ಳೆಯದು. ಗುರುವಿನ ಮತ್ತು ಶಿಷ್ಯನ ಟ್ರಾನ್ಸ್‌ಮಿಟರುಗಳನ್ನು ಜೋಡಿಸಿ, ಶಿಷ್ಯ ತಪ್ಪಿದೊಡನೆ ಗುರು ಹಿಡಿತ ತೆಗೆದುಕೊಳ್ಳುವ ಏರ್ಪಾಡೂ ಇದೆ. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ವಿಮಾನ ಮಾದರಿಗಳ ತರಬೇತಿ ಉಂಟು. ಮಣಿಪಾಲದ ತಾಂತ್ರಿಕ ವಿದ್ಯಾಲಯ ಎಂ.ಐ.ಟಿ.ಯಲ್ಲಿ ಏರೋಎಂಐಟಿ ಎಂಬ ವಿದ್ಯಾರ್ಥಿಗಳ ತಂಡ ತಾನೇ ರೇಡಿಯೋ ನಿಯಂತ್ರಿತ ವಿಮಾನಗಳನ್ನು ರೂಪಿಸಿ ಸ್ಪರ್ಧೆಗಳಿಗೆ ಒಯ್ಯುತ್ತದೆ. ಅವರದು ಹೆಚ್ಚಾಗಿ ರೆಕ್ಕೆ ಚಾಚಿದ ವಿಮಾನಗಳು. ಆದರೆ ಸರ್ವೋ, ಬ್ಯಾಟರಿ, ರೇಡಿಯೋಗಳ ಪಾಠ ಎರಡಕ್ಕೂ ಒಂದೇ. ಮುಂದೆ ಇದೇ ಆಸಕ್ತಿ ಓದಿಗೆ ದಾರಿಯಾಗಬಹುದು. ಗುಬ್ಬಿಯಲ್ಲಿ 2023ರ ಫೆಬ್ರವರಿ 6ರಂದು ಹಿಂದುಸ್ತಾನ್ ಏರೋನಾಟಿಕ್ಸ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಂಥ ಕಡೆ ಕೆಲಸ ಮಾಡುವವರು ನಿಮ್ಮಂಥ ಮಕ್ಕಳೇ ಆಗಿದ್ದವರು.

ಮಿತ್ರರೇ, ಕಾಪುವಿನಲ್ಲಿ ಮುರಿದ ಆ ರೆಕ್ಕೆಯ ತುಂಡು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಹಾರಿಸಲು ಹೋಗುವ ಪ್ರತಿ ಬೆಳಗ್ಗೆ ಮೊದಲು ಕೈಗೆ ತಾಗುವುದು ಅದೇ. ಅದನ್ನು ಮುಟ್ಟಿದೊಡನೆ ಅಜ್ಜಿಯ ಮಾತು ನೆನಪಾಗುತ್ತದೆ. ಆಮೇಲೆ ಸುತ್ತ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಲಿಕಾಪ್ಟರನ್ನು ಹಲಗೆಯ ಮೇಲಿಡುತ್ತೇನೆ. ಮಂಜು ಇನ್ನೂ ಕರಗದ ಗದ್ದೆಯ ಮೇಲೆ, ಕಣ್ಣಿನ ಮಟ್ಟದಲ್ಲಿ, ಅದು ಕದಲದೆ ನಿಂತಾಗ ಆಗುವ ಸಂತೋಷವನ್ನು ಮಾತಿನಲ್ಲಿ ಹೇಳಲಾರೆ. ನೀವೇ ನಿಲ್ಲಿಸಿ ನೋಡಬೇಕು. ನಿಧಾನವಾಗಿ ಪ್ರಾರಂಭಿಸಿ, ಕ್ಷೇಮವಾಗಿ ಕಲಿಯಿರಿ.